ಸ್ಕಾರ್ಪಿಯೋಗೆ ಪಿಕಪ್ ಹೆಚ್ಚಿಸುವ ಮುನ್ನ ಗಾಳಿಯನ್ನೂ ಬಿಸಿಯನ್ನೂ ಅಳೆಯಬೇಕು

ದೊಡ್ಡ ಡೀಸೆಲ್ ಗಾಡಿ ಇಟ್ಟುಕೊಂಡವರು ಇಬ್ಬರು ಸೇರಿದ ಕಡೆ ಸ್ವಲ್ಪ ಹೊತ್ತಿಗೆ ಪಿಕಪ್ಪಿನ ಮಾತು ಬಂದೇ ಬರುತ್ತದೆ. ಸಾಫ್ಟ್‌ವೇರ್ ಬದಲಾಯಿಸಿದರೆ ಇಷ್ಟು ಅಶ್ವಶಕ್ತಿ ಹೆಚ್ಚುತ್ತದೆ, ಚಿಕ್ಕದೊಂದು ಟ್ಯೂನಿಂಗ್ ಬಾಕ್ಸ್ ಸಿಕ್ಕಿಸಿದರೆ ಅಷ್ಟು ಹೆಚ್ಚುತ್ತದೆ ಎಂಬ ಲೆಕ್ಕ ಶುರುವಾಗುತ್ತದೆ. ನಮ್ಮ ಮನೆಯಲ್ಲಿರುವುದು 2.2 ಲೀಟರಿನ ಎಂಹಾಕ್ ಎಂಜಿನ್ ಇರುವ, ಬಾನೆಟ್ ಮೇಲೆ ಗಾಳಿಬಾಯಿ ಇರುವ ಹಳೆಯ ಸ್ಕಾರ್ಪಿಯೋ. 2179 ಸಿಸಿಯ ಈ ಎಂಜಿನ್ನಿಗೆ ಕಾರ್ಖಾನೆ ಹೇಳಿರುವ ಶಕ್ತಿ 4000 ಆರ್‌ಪಿಎಂನಲ್ಲಿ 120 ಅಶ್ವಶಕ್ತಿ, ಎಳೆತ 1800ರಿಂದ 2800 ಆರ್‌ಪಿಎಂವರೆಗೆ ಸುಮಾರು 290 ನ್ಯೂಟನ್ ಮೀಟರ್. ಗುಬ್ಬಿ ಕಡೆಯ ತೋಟದಿಂದ ಮನೆಮಂದಿಯನ್ನೂ ತೆಂಗಿನಕಾಯಿ ಚೀಲಗಳನ್ನೂ ಹೇರಿಕೊಂಡು ತುಮಕೂರಿಗೆ ಬರುವಾಗಲೂ, ನಾಮದ ಚಿಲುಮೆ ದಾಟಿ ದೇವರಾಯನದುರ್ಗ ಹತ್ತುವಾಗಲೂ ಗಾಡಿ ಮೊದಲಿನಂತೆ ಎಳೆಯುತ್ತಿಲ್ಲ ಎಂದು ಅನ್ನಿಸತೊಡಗಿದ ಮೇಲೆ, ಈ ಶಕ್ತಿಯ ವಿಚಾರವನ್ನು ಬೇರಿನಿಂದಲೇ ತಿಳಿದುಕೊಂಡು ಮನೆಯಂಗಳದಲ್ಲೇ ಕೆಲಸ ಮಾಡಬೇಕೆಂದು ಹೊರಟೆ. ಹಾಗೆ ಮಾಡುತ್ತಾ ನನಗೆ ಗಟ್ಟಿಯಾದ ಅಭಿಪ್ರಾಯವನ್ನೇ ಇಲ್ಲಿ ಬರೆಯುತ್ತಿದ್ದೇನೆ: ಟರ್ಬೋ (ಹೊರಹೋಗುವ ಹೊಗೆಯ ಬಲದಿಂದ ತಿರುಗಿ, ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಇರುವ ಡೀಸೆಲ್ ಗಾಡಿಗೆ ಶಕ್ತಿ ಸೇರಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಗಾಳಿಯ ಕೆಲಸ, ಉಳಿದದ್ದು ಬಿಸಿಯ ಕೆಲಸ, ಇಂಧನದ ಸರದಿ ಎಲ್ಲಕ್ಕಿಂತ ಕೊನೆಯದು.

ನಮಗೆ ನಿಜವಾಗಿ ಬೇಕಾಗಿರುವುದು ಯಾವ ಶಕ್ತಿ ಎಂಬುದನ್ನು ಮೊದಲು ಲೆಕ್ಕ ಹಾಕಿ ನೋಡೋಣ. ಜನ, ಸಾಮಾನು ಎಲ್ಲ ಸೇರಿ ಎರಡೂವರೆ ಟನ್ ತೂಗುವ ಗಾಡಿಯು ನೂರು ಮೀಟರಿಗೆ ಹತ್ತು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗಬೇಕಾದರೆ, ಏರಿಗೆ ಸುಮಾರು 27 ಕಿಲೋವ್ಯಾಟ್, ಟಯರುಗಳ ಉರುಳು ಪ್ರತಿರೋಧಕ್ಕೆ ಮೂರೂವರೆ ಕಿಲೋವ್ಯಾಟ್ ಬೇಕು. ಅಷ್ಟು ನಿಧಾನದಲ್ಲಿ ಗಾಳಿಯ ತಡೆ ತೀರಾ ಕಡಿಮೆ. ಗೇರ್‌ಬಾಕ್ಸ್ ಮತ್ತು ಆಕ್ಸಲ್‌ಗಳಲ್ಲಿ ನಷ್ಟವಾಗುವುದನ್ನು ಸೇರಿಸಿದರೂ ಎಂಜಿನ್ ಕೊಡಬೇಕಾದದ್ದು 34 ಕಿಲೋವ್ಯಾಟ್, ಅಂದರೆ ಸುಮಾರು 46 ಅಶ್ವಶಕ್ತಿ. 120 ಅಶ್ವಶಕ್ತಿಯ ಎಂಜಿನ್ನಿಗೆ ಇದು ಅರ್ಧದಷ್ಟೂ ಅಲ್ಲ. ಆದರೂ ಗಾಡಿ ಏದುಸಿರು ಬಿಡುವುದೇಕೆ ಎಂದರೆ, ಅದೇ 34 ಕಿಲೋವ್ಯಾಟನ್ನು ಮೂರನೇ ಗೇರಿನಲ್ಲಿ 1500 ಆರ್‌ಪಿಎಂ ಆಸುಪಾಸಿನಲ್ಲಿ ಕೊಡಬೇಕಾದರೆ ಕ್ರ್ಯಾಂಕ್‌ಶಾಫ್ಟ್ ಮೇಲೆ ಸುಮಾರು 215 ನ್ಯೂಟನ್ ಮೀಟರ್ ಎಳೆತ ಇರಬೇಕು, ಮತ್ತು ಟರ್ಬೋ ಇನ್ನೂ ಪೂರ್ತಿ ಎಚ್ಚರವಾಗದ ಆ ಹಂತದಲ್ಲಿ ಅದು ಸಿಗುವುದು ಕಷ್ಟ. ಆದ್ದರಿಂದ 4000 ಆರ್‌ಪಿಎಂನಲ್ಲಿ ಇನ್ನೂ 30 ಅಶ್ವಶಕ್ತಿ ಸೇರಿಸಿಕೊಂಡರೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆಯೇ ಹೊರತು, ಘಾಟಿಯಲ್ಲಿ ಎರಡನೇ ಗೇರಿಗೆ ಇಳಿಸುವುದು ತಪ್ಪುವುದಿಲ್ಲ. ನಾವು ದುಡಿಯಬೇಕಾದ ಜಾಗ 1400ರಿಂದ 2000 ಆರ್‌ಪಿಎಂ ನಡುವಿನದು.

ಅಲ್ಲಿ ಎಳೆತ ಹೆಚ್ಚಬೇಕಾದರೆ ಸಿಲಿಂಡರಿಗೆ ಹೆಚ್ಚು ಗಾಳಿ ಹೋಗಬೇಕು. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ 12 ಕಿಲೋ ಗಾಳಿ ಬೇಕು; ಹೊಗೆ ಬಾರದಂತೆ ಉರಿಯಬೇಕಾದರೆ ಅದಕ್ಕಿಂತ ಕಾಲು ಭಾಗದಷ್ಟಾದರೂ ಹೆಚ್ಚು ಬೇಕು. ಗಾಳಿ ಸಾಲದ ಕಡೆ ಡೀಸೆಲ್ ಹೆಚ್ಚಿಸಿದರೆ ಆಗುವುದು ಕಪ್ಪು ಹೊಗೆ ಮತ್ತು ಬಿಸಿ ಮಾತ್ರ. ಇದಕ್ಕೆ ನಮ್ಮ ಊರಿನ ಎತ್ತರವೂ ಸೇರಿಕೊಳ್ಳುತ್ತದೆ. ತುಮಕೂರು ಸಮುದ್ರ ಮಟ್ಟದಿಂದ ಸುಮಾರು 820 ಮೀಟರ್ ಮೇಲಿದೆ, ಇಲ್ಲಿ ವಾಯುಭಾರ ಕರಾವಳಿಗಿಂತ ಹೆಚ್ಚುಕಡಿಮೆ ಶೇಕಡಾ 9ರಷ್ಟು ಕಡಿಮೆ. ದೇವರಾಯನದುರ್ಗದ ತುದಿಯಲ್ಲಿ ಶೇಕಡಾ 13ರಷ್ಟು ಕಡಿಮೆ. ಟರ್ಬೋ ಇರುವ ಎಂಜಿನ್ನಿಗೆ ಎತ್ತರದ ಬಾಧೆ ಇಲ್ಲ ಎಂದು ಹೇಳುವುದು ವಾಡಿಕೆ, ಅದು ಅರ್ಧ ಮಾತ್ರ ನಿಜ. ಡ್ಯಾಶ್‌ಬೋರ್ಡ್ ಮೇಲಿನ ಬೂಸ್ಟ್ ಗೇಜು 1.2 ಬಾರ್ ತೋರಿಸುವಾಗ ಅದು ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡವನ್ನು ಹೇಳುತ್ತಿರುತ್ತದೆ. ನಮ್ಮಲ್ಲಿ ಹೊರಗಿನದು 0.92 ಬಾರ್ ಆದ್ದರಿಂದ ಒಟ್ಟು 2.12 ಬಾರ್ ಆಯಿತು, ಅಂದರೆ ಟರ್ಬೋ ಗಾಳಿಯನ್ನು 2.3 ಪಟ್ಟು ಒತ್ತುತ್ತಿದೆ. ಅದೇ 2.12 ಬಾರನ್ನು ಮಂಗಳೂರಿನಲ್ಲಿ ಕೊಡಲು 2.1 ಪಟ್ಟು ಒತ್ತಿದರೆ ಸಾಕು. ಒಂದೇ ಫಲಕ್ಕಾಗಿ ನಮ್ಮ ಕಡೆಯ ಟರ್ಬೋ ಹೆಚ್ಚು ವೇಗವಾಗಿ ತಿರುಗುತ್ತದೆ, ಗಾಳಿಯನ್ನು ಹೆಚ್ಚು ಕಾಯಿಸುತ್ತದೆ. ಬೇರೆ ಊರಿನಲ್ಲಿ ಯಾರೋ ಇಟ್ಟುಕೊಂಡ ಬೂಸ್ಟ್ ಅಂಕಿಯನ್ನು ಇಲ್ಲಿಗೆ ತಂದು ಹಾಕುವುದನ್ನು ನಾನು ಒಪ್ಪದಿರುವುದಕ್ಕೆ ಇದೇ ಕಾರಣ.

ನಮ್ಮ ಬೀದಿಯಲ್ಲಿ ಊರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಡೀಸೆಲ್ ಎಂಜಿನ್ ಅವರ ಕಸುಬಲ್ಲ, ಆದರೆ ಅಳತೆಯ ವಿಷಯದಲ್ಲಿ ಅವರಷ್ಟು ಶಿಸ್ತಿನವರನ್ನು ನಾನು ಕಂಡಿಲ್ಲ. ನಾನು ಪಾನಾ ಸೆಟ್ ತೆಗೆದು, ಟರ್ಬೋ ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರಿನ ಪೈಪಿಗೆ ಕೈ ಹಾಕಿದ್ದನ್ನು ನೋಡಿ, "ಅಳತೆ ಹಾಕ್ದೆ ಬಿಚ್ಬೇಡ ಕಣಪ್ಪ, ಬಿಚ್ಚಿದ ಮೇಲೆ ಮೊದ್ಲು ಹೆಂಗಿತ್ತು ಅಂತ ಯಾರನ್ನ ಕೇಳ್ತೀಯ?" ಎಂದರು. "ಆಯ್ತು ಯಜಮಾನ್ರೇ" ಎಂದು ಅಂದಿನ ಕೆಲಸ ನಿಲ್ಲಿಸಿ, ಮೊದಲು ಅಳೆಯುವ ಸಾಧನಗಳನ್ನು ಜೋಡಿಸಿದೆ. ಎಂಜಿನ್ನಿಗೆ ಗಾಳಿ ಒಳಹೋಗುವ ಇನ್‌ಟೇಕ್ ಮ್ಯಾನಿಫೋಲ್ಡಿನ ಕೊಳವೆಗೆ ಟಿ ಹಾಕಿ ಬೂಸ್ಟ್ ಗೇಜು, ಒಳಹೋಗುವ ಗಾಳಿಯ ಉಷ್ಣತೆ ನೋಡಲು ಸ್ಕ್ಯಾನರ್, ಟರ್ಬೋಗೆ ಮುಂಚೆ ಹೊಗೆಯ ಉಷ್ಣತೆ ಅಳೆಯಲು ಕೆ ಮಾದರಿಯ ಥರ್ಮೋಕಪಲ್. ಈ ಮೂರನೆಯದನ್ನು ಕೂರಿಸಲು ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ರಂಧ್ರ ಕೊರೆಯಬೇಕು, ಮತ್ತು ಅದನ್ನು ಗಾಡಿಯಿಂದ ಕಳಚಿ ಕೆಳಗಿಟ್ಟೇ ಕೊರೆಯಬೇಕು. ಎಂಜಿನ್ನಿನಲ್ಲೇ ಇಟ್ಟು ಕೊರೆದರೆ ಬೀಡುಕಬ್ಬಿಣದ ಒಂದೇ ಒಂದು ಚೂರು ಒಳಗೆ ಉಳಿದರೂ ಅದು ನೇರವಾಗಿ ಟರ್ಬೋದೊಳಗೆ ಹೊಗೆಯಿಂದ ತಿರುಗುವ ಟರ್ಬೈನಿನ ಎಲೆಗಳಿಗೆ ಹೋಗಿ ಬಡಿಯುತ್ತದೆ. ಪಿಕಪ್ ಅಳೆಯಲು ನಾನು ನೆಚ್ಚಿಕೊಂಡದ್ದು ಒಂದೇ ರಸ್ತೆಯ ಒಂದೇ ತುಂಡಿನಲ್ಲಿ, ಬೆಳಗಿನ ತಂಪಿನಲ್ಲಿ, ನಾಲ್ಕನೇ ಗೇರಿನಲ್ಲಿ 60ರಿಂದ 90ಕ್ಕೆ ಏರಲು ಬೇಕಾಗುವ ಸಮಯವನ್ನು. ಪಕ್ಕದಲ್ಲಿ ಒಬ್ಬರು ಕೂತು ಸ್ಟಾಪ್‌ವಾಚ್ ಹಿಡಿಯಬೇಕು, ಗಾಡಿ ಓಡಿಸುವವರು ಹಿಡಿಯಬಾರದು.

ಅಳತೆ ಸಿಕ್ಕ ಮೇಲೆ ಮೊದಲು ನೋಡಬೇಕಾದದ್ದು ಸೋರಿಕೆ. ಟರ್ಬೋ ಒತ್ತಿದ ಗಾಳಿ ಇಂಟರ್‌ಕೂಲರಿಗೂ ಅಲ್ಲಿಂದ ಎಂಜಿನ್ನಿಗೂ ಹೋಗುವ ದಾರಿಯಲ್ಲಿ ರಬ್ಬರ್ ಹೋಸುಗಳಿವೆ, ಕ್ಲ್ಯಾಂಪುಗಳಿವೆ, ಮತ್ತು ಹತ್ತು ವರ್ಷ ದಾಟಿದ ಗಾಡಿಯಲ್ಲಿ ಇವೆಲ್ಲ ಸರಿಯಾಗಿರುವುದು ಅಪರೂಪ. ಪರೀಕ್ಷೆಗೆ ದುಬಾರಿ ಯಂತ್ರ ಬೇಡ. ನೀರಿನ ಪೈಪಿನ ಅಂಗಡಿಯಲ್ಲಿ ಸಿಗುವ ಪಿವಿಸಿ ಎಂಡ್ ಕ್ಯಾಪಿಗೆ ರಂಧ್ರ ಮಾಡಿ ಟ್ಯೂಬಿನ ವಾಲ್ವ್ ಕೂರಿಸಿ, ಅದನ್ನು ಟರ್ಬೋ ಒಳಬಾಯಿಯ ಹೋಸಿಗೆ ಸಿಕ್ಕಿಸಿ ಕ್ಲ್ಯಾಂಪ್ ಬಿಗಿದು, ಸಣ್ಣ ಕಂಪ್ರೆಸರಿನಿಂದ ಅರ್ಧ ಬಾರ್ ಒತ್ತಡ ಕೊಟ್ಟರೆ ಸಾಕು. ಹಾಗೆ ಮಾಡುವ ಮೊದಲು ಎಂಜಿನ್ನಿನ ಆಯಿಲ್ ಆವಿ ಹೊರಬರುವ ಬ್ರೀದರ್ ಕೊಳವೆಯನ್ನು ಕಳಚಿ ಎರಡೂ ಬಾಯಿ ಮುಚ್ಚಬೇಕು, ಇಲ್ಲವಾದರೆ ಆ ಒತ್ತಡವೆಲ್ಲ ಆಯಿಲ್ ಸೀಲುಗಳ ಮೇಲೆ ಬೀಳುತ್ತದೆ. ಅನಂತರ ಸೋಪಿನ ನೀರನ್ನು ಹೋಸುಗಳ ಮೇಲೆ ಸಿಂಪಡಿಸುತ್ತಾ ಬಂದೆ. ಮೇಲಿನಿಂದ ನೋಡಿದರೆ ಎಲ್ಲವೂ ಹೊಸದರಂತಿತ್ತು. ಟರ್ಬೋದಿಂದ ಹೊರಬರುವ ಹೋಸಿನ ತಳಭಾಗದಲ್ಲಿ, ಕ್ಲ್ಯಾಂಪಿನ ಅಂಚಿಗೆ ಬೆರಳಿನ ಅಗಲದಷ್ಟು ಜಾಗದಲ್ಲಿ, ಕಪ್ಪು ಆಯಿಲ್ ಜಿಡ್ಡಿನ ನಡುವೆ ಸಾಸಿವೆ ಕಾಳಿನಷ್ಟು ಚಿಕ್ಕ ಬುರುಗು ಏಳುತ್ತಾ ಏಳುತ್ತಾ ದ್ರಾಕ್ಷಿ ಗೊಂಚಲಿನಂತೆ ಬೆಳೆಯಿತು. ರಬ್ಬರನ್ನು ಬಗ್ಗಿಸಿ ನೋಡಿದಾಗ ಒಳಗಿನ ನೂಲು ಕಾಣುವಷ್ಟು ಉದ್ದಕ್ಕೆ ಸೀಳಿತ್ತು. ನಿಂತ ಗಾಡಿಯಲ್ಲಿ ಮುಚ್ಚಿಕೊಂಡಿದ್ದು, ಒತ್ತಡ ಏರಿದಾಗ ಮಾತ್ರ ಬಾಯಿ ತೆರೆಯುವ ಸೀಳು ಅದು. ಕಣ್ಣಿಗೆ ಬೀಳದೆ ಪಿಕಪ್ಪನ್ನು ತಿನ್ನುವುದು ಇಂಥವೇ.

ಎರಡನೆಯದು ಟರ್ಬೋವನ್ನು ಆಳುವ ವ್ಯಾಕ್ಯೂಮ್ ಕೊಳವೆಗಳು. ಈ ಎಂಜಿನ್ನಿನ ಟರ್ಬೋದಲ್ಲಿ ಹೊಗೆ ಬಂದು ಬೀಳುವ ಕಡೆ ಚಲಿಸುವ ಎಲೆಗಳಿವೆ. ಕಡಿಮೆ ಆರ್‌ಪಿಎಂನಲ್ಲಿ ಎಲೆಗಳು ಮುಚ್ಚಿಕೊಂಡು ದಾರಿ ಕಿರಿದಾದಾಗ ಹೊಗೆ ರಭಸದಿಂದ ನುಗ್ಗಿ ಟರ್ಬೈನನ್ನು ಬೇಗ ತಿರುಗಿಸುತ್ತದೆ. ಆರ್‌ಪಿಎಂ ಏರಿದಂತೆ ಎಲೆಗಳು ತೆರೆಯುತ್ತವೆ. ಅವುಗಳನ್ನು ಎಳೆಯುವ ಕಡ್ಡಿಗೆ ಬಲ ಬರುವುದು ತೆಳ್ಳನೆಯ ರಬ್ಬರ್ ಕೊಳವೆಯ ಮೂಲಕ ಬರುವ ವ್ಯಾಕ್ಯೂಮಿನಿಂದ. ಕೊಳವೆ ಎಲ್ಲಾದರೂ ಬಿರುಕುಬಿಟ್ಟರೆ ಎಲೆಗಳು ಪೂರ್ತಿ ಮುಚ್ಚುವುದಿಲ್ಲ, 2500 ಆರ್‌ಪಿಎಂ ಮೇಲೆ ಗಾಡಿ ಚೆನ್ನಾಗಿಯೇ ಓಡುತ್ತದೆ, ಆದರೆ ನಮಗೆ ಬೇಕಾದ 1500ರಲ್ಲಿ ಸತ್ತಂತಿರುತ್ತದೆ. ಪರೀಕ್ಷೆ ಸುಲಭ: ಒಬ್ಬರು ಗಾಡಿ ಸ್ಟಾರ್ಟ್ ಮಾಡುವಾಗ ಇನ್ನೊಬ್ಬರು ಆ ಕಡ್ಡಿಯನ್ನು ನೋಡಬೇಕು. ಸ್ಟಾರ್ಟ್ ಆದೊಡನೆ ಅದು ಪೂರ್ತಿ ಎಳೆದುಕೊಳ್ಳಬೇಕು, ಎಂಜಿನ್ ನಿಲ್ಲಿಸಿದಾಗ ತಡವರಿಸದೆ ಹಿಂದಕ್ಕೆ ಹೋಗಬೇಕು. ಮಧ್ಯದಲ್ಲಿ ತಡೆದರೆ ಎಲೆಗಳಿಗೆ ಮಸಿ ಹಿಡಿದಿದೆ ಎಂದರ್ಥ. ನಮ್ಮ ಗಾಡಿಯಲ್ಲಿ ಕಡ್ಡಿ ಸಲೀಸಾಗಿತ್ತು, ಕೊಳವೆಗಳ ತುದಿ ಒಣಗಿ ಸಡಿಲವಾಗಿತ್ತು. ಎಲ್ಲವನ್ನೂ ಹೊಸದಕ್ಕೆ ಬದಲಾಯಿಸಲು ಖರ್ಚು ಬಹಳವಿಲ್ಲ.

ಏರ್ ಫಿಲ್ಟರಿನ ವಿಚಾರವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. 3000 ಆರ್‌ಪಿಎಂನಲ್ಲಿ ಪೂರ್ತಿ ಲೋಡಿನಲ್ಲಿ ಓಡುವ ಈ ಎಂಜಿನ್ ನಿಮಿಷಕ್ಕೆ ಸುಮಾರು 6000 ಲೀಟರ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ಶಿರಾ, ಪಾವಗಡ, ಮಧುಗಿರಿ ಕಡೆಯ ಮಣ್ಣು ದಾರಿಗಳಲ್ಲಿ ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಹಿಂದೆ ಓಡಿಸಿದವರಿಗೆ ಆ ಗಾಳಿಯಲ್ಲಿ ಎಷ್ಟು ದೂಳಿರುತ್ತದೆ ಎಂದು ಹೇಳಬೇಕಾಗಿಲ್ಲ. ಹೆಚ್ಚು ಗಾಳಿ ಬಿಡುತ್ತದೆ ಎಂದು ಆಯಿಲ್ ಹಚ್ಚಿದ ಹತ್ತಿಯ ಫಿಲ್ಟರ್ ಹಾಕಿಸುವವರಿದ್ದಾರೆ. ನಮ್ಮ ದೂಳಿಗೆ ಕಾರ್ಖಾನೆಯ ಕಾಗದದ ಫಿಲ್ಟರೇ ಮೇಲು ಎಂಬುದು ನನ್ನ ನಿಲುವು. ಆಯಿಲ್ ಹೆಚ್ಚಾದರೆ ಗಾಳಿ ಅಳೆಯುವ ಸೆನ್ಸರಿನ ಮೇಲೆ ಕೂತು ಅದರ ಲೆಕ್ಕ ಕೆಡಿಸುತ್ತದೆ, ಮತ್ತು ತೀರಾ ಸಣ್ಣ ದೂಳು ಒಳನುಗ್ಗಿದರೆ ಟರ್ಬೋ ಎಲೆಯ ಅಂಚೂ ಪಿಸ್ಟನ್ ರಿಂಗೂ ಸವೆಯುತ್ತವೆ. ಕಾಗದದ ಫಿಲ್ಟರನ್ನು ನಿಗದಿತ ಅವಧಿಗಿಂತ ಮುಂಚೆಯೇ ಬದಲಾಯಿಸಿದರೆ ಮುಗಿಯಿತು.

ಇನ್ನು ಇಂಟರ್‌ಕೂಲರ್. ನನಗೆ ಅತ್ಯಂತ ಹೆಚ್ಚು ಫಲ ಕೊಟ್ಟದ್ದು ಇದರ ಕೆಲಸವೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 30 ಡಿಗ್ರಿಯ ಗಾಳಿಯನ್ನು 2.3 ಪಟ್ಟು ಒತ್ತಿದರೆ ಅದು ಟರ್ಬೋದಿಂದ ಹೊರಬರುವಾಗ ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿರುತ್ತದೆ. ಬಿಸಿ ಗಾಳಿ ತೆಳು ಗಾಳಿ. ಅದನ್ನು 60 ಡಿಗ್ರಿಗೆ ತಂಪು ಮಾಡಿದರೆ ಅದೇ ಒತ್ತಡದಲ್ಲಿ ಶೇಕಡಾ 24ರಷ್ಟು ಹೆಚ್ಚು ಗಾಳಿ ಸಿಲಿಂಡರಿಗೆ ಹಿಡಿಯುತ್ತದೆ. 90 ಡಿಗ್ರಿಗೆ ಮಾತ್ರ ಇಳಿದರೆ ಆ ಗಾಳಿಯಲ್ಲಿ ಶೇಕಡಾ 8ರಷ್ಟು ಕಳೆದುಕೊಂಡಂತೆ. ಹಳೆಯ ಸ್ಕಾರ್ಪಿಯೋಗಳಲ್ಲಿ ಇಂಟರ್‌ಕೂಲರ್ ಎಂಜಿನ್ನಿನ ನೆತ್ತಿಯ ಮೇಲೆ ಕೂತಿದೆ, ಬಾನೆಟ್ಟಿನ ಗಾಳಿಬಾಯಿಯಿಂದ ಬರುವ ಗಾಳಿಯೇ ಅದಕ್ಕೆ ತಂಪು. ಗಾಡಿ ಓಡುತ್ತಿರುವಾಗ ಇದು ಸರಿ. ಕ್ಯಾತ್ಸಂದ್ರದ ಟೋಲಿನಲ್ಲಿ ಸಾಲಿನಲ್ಲಿ ನಿಂತಾಗ, ಬಿ.ಎಚ್. ರಸ್ತೆಯ ಸಂಜೆಯ ದಟ್ಟಣೆಯಲ್ಲಿ ತೆವಳುವಾಗ, ಘಾಟಿಯಲ್ಲಿ ನಿಧಾನವಾಗಿ ಏರುವಾಗ ಗಾಳಿಬಾಯಿಗೆ ಗಾಳಿ ಬರುವುದಿಲ್ಲ, ಕೆಳಗಿನ ಎಂಜಿನ್ನಿನ ಝಳ ಮಾತ್ರ ಏರುತ್ತದೆ. ಸ್ಕ್ಯಾನರಿನಲ್ಲಿ ಒಳಗಾಳಿಯ ಉಷ್ಣತೆ ಹೆದ್ದಾರಿಯಲ್ಲಿ ಒಂದು ರೀತಿ, ಟೋಲ್ ದಾಟಿದ ಕೂಡಲೇ ಮತ್ತೊಂದು ರೀತಿ ಇರುವುದನ್ನು ಕಂಡಾಗ, ನಿಂತು ಹೊರಟ ಮೇಲೆ ಗಾಡಿ ಸೋಮಾರಿಯಾಗುವುದರ ಕಾರಣ ಅಂಕಿಗಳಲ್ಲೇ ಸಿಕ್ಕಿತು.

ಗಾಳಿಬಾಯಿಗೂ ಇಂಟರ್‌ಕೂಲರಿಗೂ ನಡುವೆ ಸುತ್ತಲೂ ಸಂದು ಮುಚ್ಚುವ ಫೋಮ್ ಪಟ್ಟಿ ಇರಬೇಕು. ನಮ್ಮದರಲ್ಲಿ ಅದು ಪುಡಿಪುಡಿಯಾಗಿ ಮುಕ್ಕಾಲು ಭಾಗ ಉದುರಿಹೋಗಿತ್ತು, ಹೀಗಾಗಿ ಬಂದ ಗಾಳಿ ಇಂಟರ್‌ಕೂಲರಿನ ಒಳಗೆ ಹಾಯದೆ ಬದಿಯಿಂದ ಜಾರಿಹೋಗುತ್ತಿತ್ತು. ಬಿಸಿ ತಾಳುವ ದಪ್ಪ ಫೋಮನ್ನು ಅಳತೆಗೆ ಕತ್ತರಿಸಿ ಅಂಟಿಸಿದೆ; ಬಾನೆಟ್ ಮುಚ್ಚಿದಾಗ ಪಟ್ಟಿ ಎಲ್ಲ ಕಡೆಯೂ ಒತ್ತುತ್ತಿದೆಯೇ ಎಂದು ತಿಳಿಯಲು ಇಂಟರ್‌ಕೂಲರಿನ ಅಂಚಿಗೆ ರಂಗೋಲಿ ಪುಡಿ ಹಚ್ಚಿ, ಬಾನೆಟ್ ಮುಚ್ಚಿ ತೆಗೆದು, ಫೋಮಿನ ಮೇಲೆ ಬಿಳಿ ಗೆರೆ ಎಲ್ಲಿ ಮೂಡಿಲ್ಲವೋ ಅಲ್ಲಿ ಇನ್ನೊಂದು ಪದರ ಸೇರಿಸಿದೆ. ಇಂಟರ್‌ಕೂಲರನ್ನು ಬಿಚ್ಚಿ ಒಳಗಿನ ಆಯಿಲ್ ಜಿಡ್ಡನ್ನು ಡೀಗ್ರೀಸರಿನಿಂದ ತೊಳೆದು ಪೂರ್ತಿ ಒಣಗಿಸಿದೆ. ಹಸಿ ಇರುವಾಗ ಜೋಡಿಸಿದರೆ ಆ ದ್ರವ ಎಂಜಿನ್ನಿನೊಳಗೆ ಹೋಗುತ್ತದೆ, ಆದ್ದರಿಂದ ಇದಕ್ಕೆ ಒಂದು ದಿನದ ಬಿಸಿಲು ಕೊಡಲೇಬೇಕು. ಹೊರಗಿನ ರೆಕ್ಕೆಗಳಲ್ಲಿ ಸಿಕ್ಕಿದ್ದ ಹುಳು, ಕಸ, ಮಣ್ಣನ್ನು ಮೆಲ್ಲನೆಯ ನೀರಿನಿಂದ ಹಿಂಬದಿಯಿಂದ ಮುಂದಕ್ಕೆ ತೆಗೆದೆ. ಹನಿಹನಿಗೂಡಿದರೆ ಹಳ್ಳ ಎನ್ನುವ ಹಾಗೆ, ಹೋಸು, ವ್ಯಾಕ್ಯೂಮ್ ಕೊಳವೆ, ಫೋಮ್, ಜಿಡ್ಡು ಎಲ್ಲವೂ ಸರಿಯಾದ ಮೇಲೆ 1500 ಆರ್‌ಪಿಎಂನಲ್ಲಿ ಗೇಜಿನ ಮುಳ್ಳು ಮೊದಲಿಗಿಂತ ಸ್ಪಷ್ಟವಾಗಿ ಬೇಗ ಏಳತೊಡಗಿತು, 60ರಿಂದ 90ರ ಸಮಯವೂ ಇಳಿಯಿತು, ಮತ್ತು ಅದೇ ಏರಿನಲ್ಲಿ ಹೊಗೆಯ ಉಷ್ಣತೆ ಹೆಚ್ಚುವ ಬದಲು ಕಡಿಮೆಯಾಯಿತು. ಈ ಕೊನೆಯದು ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟಿತು, ಏಕೆಂದರೆ ಎಂಜಿನ್ನಿನ ಮೇಲೆ ಭಾರ ಹಾಕದೆ ಬಂದ ಶಕ್ತಿ ಅದು.

ಇಷ್ಟಾದ ಮೇಲೂ ಸಾಫ್ಟ್‌ವೇರಿನಿಂದ ಇನ್ನಷ್ಟು ಪಡೆಯಬಹುದು ಎಂಬುದು ಸುಳ್ಳಲ್ಲ. ಇದೇ 2179 ಸಿಸಿ ಎಂಜಿನ್ ಕುಟುಂಬದಿಂದ ಮಹೀಂದ್ರದವರೇ 2011ರ ಎಕ್ಸ್‌ಯುವಿ 500ರಲ್ಲಿ 140 ಅಶ್ವಶಕ್ತಿ ಮತ್ತು 330 ನ್ಯೂಟನ್ ಮೀಟರ್ ತೆಗೆದರು, 2018ರಲ್ಲಿ ಅದನ್ನು 155 ಮತ್ತು 360ಕ್ಕೆ ಏರಿಸಿದರು. ಆದರೆ 2018ರ ಏರಿಕೆಗೆ ವಿದ್ಯುತ್ತಿನಿಂದ ನಿಯಂತ್ರಿಸುವ ಹೊಸ ಟರ್ಬೋ ಕೂಡಿಸಿದ್ದರು ಎಂಬುದನ್ನು ಮರೆಯಬಾರದು. ಕಾರ್ಖಾನೆ ಅಂಕಿಯನ್ನು ನೋಡಿ ಹಳೆಯ ಟರ್ಬೋದಿಂದ ಅಷ್ಟನ್ನೇ ಕೇಳುವುದು ನ್ಯಾಯವಲ್ಲ. ಟ್ಯೂನಿಂಗ್ ಬಾಕ್ಸುಗಳ ಬಗ್ಗೆ ನನಗೆ ಒಲವಿಲ್ಲ. ಅವುಗಳಲ್ಲಿ ಬಹುಪಾಲು ಇಂಧನ ರೈಲಿನ (ಎಲ್ಲ ಸಿಲಿಂಡರುಗಳಿಗೂ ಡೀಸೆಲ್ ಹಂಚುವ ಕೊಳವೆಯ) ಒತ್ತಡವನ್ನು ಎಂಜಿನ್ನಿನ ಕಂಪ್ಯೂಟರಿಗೆ ಕಡಿಮೆ ಮಾಡಿ ತೋರಿಸುತ್ತವೆ, ಕಂಪ್ಯೂಟರ್ ಅದನ್ನು ನಂಬಿ ಒತ್ತಡ ಏರಿಸುತ್ತದೆ, ಇಂಧನ ಹೆಚ್ಚು ಬೀಳುತ್ತದೆ. ಗಾಳಿ ಎಷ್ಟಿದೆ ಎಂದು ಆ ಪೆಟ್ಟಿಗೆ ಕೇಳುವುದೇ ಇಲ್ಲ. ಕಾಮನ್ ರೈಲ್ ಎನ್ನುವ ಈ ಕೊಳವೆಯ ಒತ್ತಡ ಸಾವಿರ ಬಾರ್ ದಾಟುವಂಥದ್ದು, ಹಾಗಾಗಿ ಮನೆಯಲ್ಲಿ ಕೆಲಸ ಮಾಡುವವರು ಎಂಜಿನ್ ಓಡುತ್ತಿರುವಾಗ ಆ ಪೈಪುಗಳ ನಟ್ಟಿಗೆ ಪಾನಾ ಹಾಕಲೇಬಾರದು: ಕೂದಲೆಳೆಯ ಸಂದಿನಿಂದ ಚಿಮ್ಮಿದ ಡೀಸೆಲ್ ಚರ್ಮವನ್ನು ಕೊರೆದು ಒಳಗೆ ಹೋಗುತ್ತದೆ.

ರೀಮ್ಯಾಪ್, ಅಂದರೆ ಎಂಜಿನ್ನಿನ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ, ಮಾಡಿಸುವುದೇ ಆದರೆ ಹೊಗೆಯ ಮಿತಿಯನ್ನು ತೆಗೆಯಬಾರದು, 1500 ಆರ್‌ಪಿಎಂ ಕೆಳಗೆ ಎಳೆತವನ್ನು ಒಮ್ಮೆಗೇ ಏರಿಸಬಾರದು, ಬೂಸ್ಟ್ ಮಿತಿಯನ್ನು ನಮ್ಮ ಊರಿನ ಎತ್ತರಕ್ಕೆ ಹೊಂದಿಸಬೇಕು ಎಂದು ಮೊದಲೇ ಹೇಳಿಬಿಡಬೇಕು. ಹೊಗೆಯ ಉಷ್ಣತೆಗೆ ನಾನು ಇಟ್ಟುಕೊಂಡಿರುವ ಮಿತಿ 700 ಡಿಗ್ರಿ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸುಮಾರಿನಲ್ಲಿ, ಪಿಸ್ಟನ್ನಿನ ಅಲ್ಯೂಮಿನಿಯಂ ಮಿಶ್ರಲೋಹ ಅದಕ್ಕೂ ಮೊದಲೇ ಕರಗತೊಡಗುತ್ತದೆ. ಕೆಳಗಿನಿಂದ ಆಯಿಲ್ ಚಿಮ್ಮಿ ತಂಪು ಮಾಡುವುದರಿಂದ ಪಿಸ್ಟನ್ ಅಷ್ಟು ಕಾಯುವುದಿಲ್ಲವಾದರೂ, ಉದ್ದನೆಯ ಏರಿನಲ್ಲಿ ನಿಮಿಷಗಟ್ಟಲೆ ಬಿಸಿ ಹೊಗೆ ಹಾದರೆ ಪಿಸ್ಟನ್ನಿನ ತಲೆಯೂ ಟರ್ಬೈನೂ ದಣಿಯುತ್ತವೆ. ಹೊಗೆ ತಪಾಸಣೆಯ ಮಿತಿಯೂ ಇದೆ: ಹೊಗೆ ಬೆಳಕನ್ನು ತಡೆಯುವ ಪ್ರಮಾಣ ಬಿಎಸ್ 4 ಡೀಸೆಲ್ ಗಾಡಿಗೆ ಮೀಟರಿಗೆ 1.62, ಅದಕ್ಕಿಂತ ಹಳೆಯದಕ್ಕೆ 2.45. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿನೊಳಗೆ ಕಳಿಸುವ ಇಜಿಆರ್ ದಾರಿಯನ್ನು ಮುಚ್ಚಿಸಿದರೆ ಪಿಕಪ್ ಬರುತ್ತದೆ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅದರ ವಾಲ್ವನ್ನೂ ಇನ್‌ಟೇಕ್ ಮ್ಯಾನಿಫೋಲ್ಡನ್ನೂ ಕಳಚಿ ಒಳಗೆ ಗಟ್ಟಿಯಾದ ಮಸಿಯನ್ನು ಕೆರೆದು ತೆಗೆದರೆ ಸಿಗಬೇಕಾದ ಗಾಳಿ ಸಿಗುತ್ತದೆ. ಮುಚ್ಚಿದರೆ ಹೆಚ್ಚುವ ನೈಟ್ರೋಜನ್ ಆಕ್ಸೈಡನ್ನು ಉಸಿರಾಡುವವರು ನಮ್ಮ ಬೀದಿಯ ಮಕ್ಕಳೇ.

ಕಾನೂನು ಇಲ್ಲಿ ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ, ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಮಾರ್ಪಾಡಿಗೆ ಒಂದೊಂದಕ್ಕೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು ಎಂದಾಗಿದೆ. ಎಂಜಿನ್ನಿನ ಶಕ್ತಿ ಬದಲಾಯಿಸಿ ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತದ ದಿನ ಕ್ಲೇಮ್ ತಿರಸ್ಕರಿಸಲು ಅವರಿಗೆ ಕಾರಣ ಸಿಗುತ್ತದೆ. ನಾನು ಇದುವರೆಗೆ ಮಾಡಿದ್ದೆಲ್ಲ ಗಾಡಿಯನ್ನು ಅದರ ಮೂಲ ಸ್ಥಿತಿಗೆ ತಂದದ್ದು, ಗೇಜುಗಳನ್ನು ಜೋಡಿಸಿದ್ದು. ರಸ್ತೆಯಲ್ಲಿ ಓಡುವ ಈ ಗಾಡಿಗೆ ರೀಮ್ಯಾಪ್ ಮಾಡಿಸುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಘಾಟಿಗೆ ಬೇಕಾದ ಎಳೆತ ಈಗ ಸಿಗುತ್ತಿದೆ.

ಪಿಕಪ್ ಮರಳಿದ ಗಾಡಿಯಲ್ಲಿ ಬೇರೆ ಭಾಗಗಳ ಬಲಹೀನತೆ ಬೇಗ ಹೊರಬೀಳುತ್ತದೆ ಎಂಬುದನ್ನೂ ಹೇಳಬೇಕು. ಮೂರನೇ ಗೇರಿನಲ್ಲಿ ಏರು ಹತ್ತುವಾಗ ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಕ್ಲಚ್ ಪ್ಲೇಟ್ ಜಾರುತ್ತಿದೆ ಎಂದು ತಿಳಿಯಬೇಕು. 80ರ ಬದಲು 100ರಲ್ಲಿ ಓಡುವ ಗಾಡಿಯನ್ನು ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿ ಶೇಕಡಾ 56ರಷ್ಟು ಹೆಚ್ಚು, ಹಾಗಾಗಿ ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಅದನ್ನು ಬದಲಾಯಿಸದೆ ದೇವರಾಯನದುರ್ಗ ಇಳಿಯಬಾರದು. ನಮ್ಮ ಗಾಡಿಯ ಬ್ರೇಕ್ ಆಯಿಲ್ ಬದಲಾಗಿದೆ. ಬಿಸಿಲು ಏರುವ ಮೊದಲು ರೇಡಿಯೇಟರಿನ ರೆಕ್ಕೆಗಳನ್ನು ತೊಳೆದು ಕೂಲೆಂಟ್ ಬದಲಿಸಬೇಕು, ಆಮೇಲೆ ಇನ್‌ಟೇಕ್ ಮ್ಯಾನಿಫೋಲ್ಡ್ ಕಳಚಬೇಕು. ಅದರ ಗ್ಯಾಸ್ಕೆಟ್ಟುಗಳನ್ನು ಈಗಾಗಲೇ ತರಿಸಿಟ್ಟಿದ್ದೇನೆ.